ಸ್ವೆಟರ್ ಮುಗೀತು, ಉಂಡೆ ಉಳೀತು: ತುಂಡು ಉಲ್ಲನ್ ಏನು ಮಾಡುತ್ತೀರಿ?

ಜಡೆಕಡ್ಡಿ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಮುಂಬಯಿಯಲ್ಲಿ ಕೂತು ಸ್ವೆಟರ್ ಹೆಣೆಯುವುದು ಹುಚ್ಚು ಅಂತ ನಮ್ಮ ಮನೆಯವರ ಅಭಿಪ್ರಾಯ. ಇಲ್ಲಿ ಚಳಿ ಅಂದರೆ ಫ್ಯಾನ್ ಎರಡು ನಂಬರಿನಲ್ಲಿ ತಿರುಗುವುದು, ಅಷ್ಟೇ. ಆದರೆ ಧಾರವಾಡದಲ್ಲಿ ಅಪ್ಪ, ಪುಣೆಯಲ್ಲಿ ನಾದಿನಿ ಇರುವ ತನಕ ನನ್ನ ಕಡ್ಡಿಗಳಿಗೆ ಕೆಲಸ ತಪ್ಪುವುದಿಲ್ಲ.

ಈಚೆಗೆ ಮುಗಿದವು ಮೂರು. ಅಪ್ಪನಿಗೆ ಬೂದು ಬಣ್ಣದ ಹಾಫ್ ಸ್ವೆಟರ್, ಎದೆ ಮೇಲೆ ಎರಡು ಜಡೆಯ ಡಿಸೈನ್. ನಾದಿನಿಯ ಮಗುವಿಗೆ ಹತ್ತಿ ನೂಲಿನ ಕುಂಚಿಗೆ ಮತ್ತು ಕಾಲುಚೀಲ. ಮಗಳಿಗೆ ನೀಲಿ-ಬಿಳಿ ಪಟ್ಟೆಯ ಶಾಲು. ಅವಳ ಆಫೀಸಿನ ಎಸಿ ಮಹಾಬಳೇಶ್ವರಕ್ಕೆ ಸಮ, ಅದಕ್ಕೇ.

ಅಪ್ಪನ ಸ್ವೆಟರಿನಲ್ಲಿ ಹೆಚ್ಚು ಹೊತ್ತು ತಿಂದದ್ದು ಕುತ್ತಿಗೆ. ವಿ ಆಕಾರದ ಕುತ್ತಿಗೆಗೆ ಸುತ್ತಲೂ ಸ್ಟಿಚ್ ಎತ್ತಿಕೊಂಡು, ತುದಿಯ ಒಂದು ಸ್ಟಿಚ್‌ಗೆ ಪಿನ್ನು ಸಿಕ್ಕಿಸಿ, ಎರಡು ಸುತ್ತಿಗೊಮ್ಮೆ ಅದರ ಆಚೆ ಈಚೆ ಒಂದೊಂದು ಕಡಿಮೆ ಮಾಡುತ್ತಾ ಹೋಗಬೇಕು. ರಿಬ್, ಅಂದರೆ ಎಳೆದರೆ ಹಿಗ್ಗುವ ಅಂಚಿನ ಪಟ್ಟಿ, ಹಾಕಿದ್ದು 12ರ ಕಡ್ಡಿಯಲ್ಲಿ. ಮುಚ್ಚುವಾಗ ಮಾತ್ರ ಅದಕ್ಕಿಂತ ದಪ್ಪದ 10ರ ಕಡ್ಡಿ ಹಿಡಿದೆ. ಬಿಗಿಯಾಗಿ ಮುಚ್ಚಿದರೆ ವಯಸ್ಸಾದವರಿಗೆ ತಲೆ ತೂರಿಸುವುದೇ ಕಷ್ಟ. ಅಪ್ಪ ಹಾಕಿಕೊಂಡು ವಾಕಿಂಗ್ ಹೋಗಿ ಬಂದಿದ್ದಾರೆ. "ಚಲೋ ಆಗೇದ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಈಗ ಉಳಿಕೆಯ ಮಾತು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಬೂದು ಅಕ್ರಿಲಿಕ್ (ಕೃತಕ ನೂಲು) 85 ಗ್ರಾಂ, ಕೆನೆ ಬಣ್ಣದ ಹತ್ತಿ 40, ನೀಲಿ 30, ಬಿಳಿ 20 ಚಿಲ್ಲರೆ. ಇದರ ಜೊತೆಗೆ ಲೇಬಲ್ ಹರಿದುಹೋದ ಹಳೆಯ ಉಂಡೆಗಳು ಒಂದು ದೊಡ್ಡ ಡಬ್ಬಿ ತುಂಬ ಇವೆ. ಒನ್ ಬಿಎಚ್‌ಕೆಯಲ್ಲಿ ಆ ಡಬ್ಬಿಯೇ ಒಬ್ಬ ಬಾಡಿಗೆದಾರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸುಮ್ನೆ ಖಾಲಿ ಮಾಡಬೇಕು ಅಂತ ಏನಾದರೂ ಹೆಣೆಯುವುದು ನನಗೆ ಬೇಡ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಟಿವಿಗೆ ಕವರ್, ಫೋನಿಗೆ ಕವರ್, ನೀರಿನ ಫಿಲ್ಟರಿಗೆ ಲಂಗ, ಎಲ್ಲಾ ಇತ್ತು. ಯಾರಿಗೂ ಏನೂ ಮುಟ್ಟುವ ಧೈರ್ಯ ಇರಲಿಲ್ಲ. ಮನೆಗೆ ಏನು ಬೇಕು ಅಂತ ಮೊದಲು ಕೇಳಿಕೊಂಡು, ಆಮೇಲೆ ಡಬ್ಬಿ ತೆಗೆಯಬೇಕು ಅನ್ನುವುದು ನನ್ನ ಲೆಕ್ಕ. ನೀವು ಏನು ಮಾಡುತ್ತೀರಿ? ಖರೇ ಬಳಸಿದ ವಸ್ತುಗಳನ್ನೇ ಹೇಳಿ.

ಮಾಟುಂಗಾ ಮಾಮಿ

ಅಪ್ಪನ ಸ್ವೆಟರ್ ಬಹಳ ಚೆಂದ ಬಂದಿರಬೇಕು ಮಗಾ. ಜಡೆ ಹಾಕಿದರೆ ಅಗಲ ಎಳೆದುಕೊಳ್ಳುತ್ತದೆ, ಅದಕ್ಕೆ ಸ್ಟಿಚ್ ಜಾಸ್ತಿ ಹಾಕಿದ್ದೀ ಅಲ್ವಾ?

ಡಬ್ಬಿ ವಿಷಯಕ್ಕೆ ಬರುತ್ತೇನೆ. ನಮ್ಮ ಹೆಂಗಸರು ಉಳಿದ ಉಲ್ಲನ್ ತೆಗೆದ ಕೂಡಲೇ ಬಣ್ಣ ಹೊಂದಿಸಲು ಕೂರುತ್ತಾರೆ. ಬಣ್ಣ ಕೊನೆಗೆ. ಮೊದಲು ಯಾವುದು ಉಣ್ಣೆ, ಯಾವುದು ಅಕ್ರಿಲಿಕ್, ಯಾವುದು ಹತ್ತಿ ಅಂತ ಬೇರೆ ಮಾಡಬೇಕು. ಹತ್ತಿ ನೀರು ಕುಡಿದು ಭಾರವಾಗುತ್ತದೆ, ತೊಳೆದರೆ ಸ್ವಲ್ಪ ಕುಗ್ಗುತ್ತದೆ. ಅಕ್ರಿಲಿಕ್‌ಗೆ ಅದೇನೂ ಆಗುವುದಿಲ್ಲ. ಶುದ್ಧ ಉಣ್ಣೆಯನ್ನು ಬಿಸಿನೀರಿನಲ್ಲಿ ತಿಕ್ಕಿದರೆ ಗಟ್ಟಿಯಾಗಿ ಕಂಬಳಿಯೇ ಆಗಿಬಿಡುತ್ತದೆ. ಮೂರನ್ನೂ ಒಂದೇ ಹೊದಿಕೆಯಲ್ಲಿ ಸೇರಿಸಿದರೆ ಎರಡು ತೊಳೆತಕ್ಕೆ ಅಲ್ಲಲ್ಲಿ ಸುಕ್ಕು, ಅಲ್ಲಲ್ಲಿ ಜೋಲು.

ಲೇಬಲ್ ಇಲ್ಲದ್ದನ್ನು ಸುಟ್ಟು ನೋಡು. ಒಂದು ಬೆರಳುದ್ದದ ತುಂಡು ಸಾಕು. ಚಿಮಟದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು, ಸಿಂಕಿನ ಹತ್ತಿರ ನಿಂತು ಸುಡು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದ ಸುಟ್ಟ ವಾಸನೆ. ಅಕ್ರಿಲಿಕ್ ಕರಗಿ ತುದಿಯಲ್ಲಿ ಕರಿ ಮಣಿ ಕಟ್ಟುತ್ತದೆ, ಆರಿದ ಮೇಲೆ ಉಗುರಿನಿಂದಲೂ ಒಡೆಯುವುದಿಲ್ಲ. ಕರಗಿದ ಹನಿ ಕೈಮೇಲೆ ಬೀಳದ ಹಾಗೆ ನೋಡಿಕೋ. ಮಿಶ್ರ ನೂಲಾದರೆ ಎರಡರ ಲಕ್ಷಣವೂ ಕಾಣುತ್ತದೆ, ಅದನ್ನು ಅಕ್ರಿಲಿಕ್ ಗುಂಪಿಗೇ ಹಾಕು.

ಆಮೇಲೆ ದಪ್ಪ. ಒಂದು ಸ್ಕೇಲಿಗೆ ನೂಲನ್ನು ಒತ್ತಾಗಿ, ಎಳೆಯದೆ ಸುತ್ತು. ಒಂದು ಇಂಚಿನಲ್ಲಿ ಎಷ್ಟು ಸುತ್ತು ಬರುತ್ತದೆ ಎಣಿಸು. 12ರ ಆಸುಪಾಸು ಬಂದರೆ ಡಿಕೆ ಅನ್ನುವ ಸಾಧಾರಣ ದಪ್ಪ, 9-10 ಬಂದರೆ ಅದಕ್ಕಿಂತ ದಪ್ಪ. ತೆಳುವಾದವನ್ನು ಎರಡೆಳೆ ಸೇರಿಸಿ ಹೆಣೆದರೆ ದಪ್ಪದವುಗಳ ಸಾಲಿಗೆ ಬರುತ್ತವೆ. ಬೂದು ಬಣ್ಣದ ಒಂದೆಳೆ ಜೊತೆಗೆ ಯಾವ ಬಣ್ಣವಾದರೂ ಹೊಂದುತ್ತದೆ. ನಿನ್ನ 85 ಗ್ರಾಂ ಹಾಗೆ ಕರಗುತ್ತದೆ ನೋಡು.

ಎರಡು ಉಲ್ಟಾ, ಥಾಣೆ

ನಾನು ಗಂಡಸು. ಲೋಕಲ್ ರೈಲಿನಲ್ಲಿ ಹೆಣೆಯುತ್ತೇನೆ. ನೋಡುವವರು ನೋಡಲಿ. ಹೆಂಗಸರ ಬೋಗಿಯಲ್ಲಿ ಕಾಯಿಪಲ್ಲೆ ಸೋಸುತ್ತಾರೆ, ಗಂಡಸರ ಬೋಗಿಯಲ್ಲಿ ಇಸ್ಪೀಟು ಆಡುತ್ತಾರೆ, ಭಜನೆ ಹಾಡುತ್ತಾರೆ. ನನ್ನ ಕಡ್ಡಿ ಯಾರಿಗೇನು ಮಾಡಿತು? ಉದ್ದ ಕಡ್ಡಿ ಮಾತ್ರ ಒಯ್ಯುವುದಿಲ್ಲ. ಮುಲುಂಡ್ ದಾಟುವಷ್ಟರಲ್ಲಿ ಪಕ್ಕದವರ ಪಕ್ಕೆಗೆ ತಿವಿಯುತ್ತದೆ. ತಂತಿ ಇರುವ ಸರ್ಕ್ಯುಲರ್ ಕಡ್ಡಿಯೇ ಸರಿ, ಬಿದ್ದರೂ ಸ್ಟಿಚ್ ಜಾರುವುದಿಲ್ಲ.

ರೈಲಿಗೆ ತುಂಡು ಉಲ್ಲನ್‌ಗಿಂತ ಒಳ್ಳೆಯ ಕೆಲಸ ಇಲ್ಲ. ನಾನು ಮಾಡುವುದು ಮೈಟರ್ ಚೌಕ, ಅಂದರೆ ನಡುವಿನಲ್ಲಿ ಸ್ಟಿಚ್ ಕಡಿಮೆ ಮಾಡುತ್ತಾ ಹೋಗುವ ಚೌಕ. 31 ಸ್ಟಿಚ್ ಹಾಕಿ. 14 ಸೀದಾ (ಸಾಮಾನ್ಯ ನಿಟ್ ಸ್ಟಿಚ್), ನಡುವಿನ ಮೂರನ್ನು ಒಂದು ಮಾಡಿ, ಮತ್ತೆ 14 ಸೀದಾ. ವಾಪಸ್ ಬರುವ ಸಾಲು ಪೂರ್ತಿ ಸೀದಾ. ಮುಂದಿನ ಸಾಲಿನಲ್ಲಿ ಆಚೆ ಈಚೆ 13, ಆಮೇಲೆ 12. ಮೂರನ್ನು ಒಂದು ಮಾಡುವಾಗ ಎರಡನ್ನು ಒಟ್ಟಿಗೆ ಸೀದಾ ಹೆಣೆಯುವ ಹಾಗೆ ಕಡ್ಡಿ ತೂರಿಸಿ ಸುಮ್ಮನೆ ಜಾರಿಸಿ, ಮೂರನೆಯದನ್ನು ಹೆಣೆದು, ಜಾರಿಸಿದ ಎರಡನ್ನೂ ಅದರ ಮೇಲಿಂದ ದಾಟಿಸಿ. ನಡುವೆ ಒಂದು ಗೆರೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಕೊನೆಗೆ ಒಂದೇ ಸ್ಟಿಚ್ ಉಳಿಯುತ್ತದೆ, ಅಲ್ಲಿಗೆ ಚೌಕ ಮುಗಿಯಿತು. ಎರಡನೆಯ ಚೌಕವನ್ನು ಮೊದಲನೆಯದರ ಅಂಚಿನಿಂದಲೇ ಸ್ಟಿಚ್ ಎತ್ತಿಕೊಂಡು ಶುರು ಮಾಡಿದರೆ ಕೊನೆಗೆ ಹೊಲಿಯುವ ಕೆಲಸವೇ ಇಲ್ಲ.

ಲೆಕ್ಕ ಕೇಳಿದರೆ, ಡಿಕೆ ದಪ್ಪದಲ್ಲಿ ಎಲ್ಲಾ ಸಾಲೂ ಸೀದಾ ಹಾಕಿದ 10 ಸೆಂಟಿಮೀಟರ್ ಚೌಕಕ್ಕೆ (ಇದಕ್ಕೆ 31ಕ್ಕಿಂತ ಜಾಸ್ತಿ ಸ್ಟಿಚ್ ಹಾಕಬೇಕು) 5-6 ಗ್ರಾಂ ಬೇಕು. ಒಂದು ಮೀಟರ್ ಅಗಲ, 1.2 ಮೀಟರ್ ಉದ್ದದ ಹೊದಿಕೆಗೆ 120 ಚೌಕ, ಅಂದರೆ ಅಂದಾಜು 650 ಗ್ರಾಂ. ನಿಮ್ಮ ಡಬ್ಬಿ ಖಾಲಿಯಾಗುವುದು ಹೀಗೆ. ಬೂದು ಬಣ್ಣವನ್ನು ಮಾತ್ರ ಎಲ್ಲಾ ಚೌಕಗಳ ಕೊನೆಯ ಸಾಲುಗಳಿಗೆ ಇಟ್ಟುಕೊಳ್ಳಿ. ಆಗ ಎಷ್ಟೇ ಬಣ್ಣ ಬೆರೆತರೂ ಕಣ್ಣಿಗೆ ಚುಚ್ಚುವುದಿಲ್ಲ.

ಜಡೆಕಡ್ಡಿ, ಡೊಂಬಿವಲಿ

ಮಾಮಿ, ಹೌದು, ಪ್ರತಿ ಜಡೆಗೆ ಎರಡೆರಡು ಸ್ಟಿಚ್ ಜಾಸ್ತಿ ಹಾಕಿದ್ದೆ. ಸುಟ್ಟು ನೋಡುವ ಕೆಲಸ ಇವತ್ತೇ ಮಾಡಿದೆ. ಡಬ್ಬಿಯಲ್ಲಿ ಉಣ್ಣೆ ಅಂದುಕೊಂಡಿದ್ದ ಕಂದು ಉಂಡೆ ಅಪ್ಪಟ ಅಕ್ರಿಲಿಕ್. ಕರಿ ಮಣಿ ಎಷ್ಟು ಗಟ್ಟಿ ಇತ್ತೆಂದರೆ ತಟ್ಟೆಗೆ ಬಿದ್ದಾಗ ಟಣ್ ಅಂದಿತು. ಅಂಗಡಿಯವ ಮೆರಿನೋ ಅಂತ ಕೊಟ್ಟಿದ್ದ. ಇರಲಿ.

ಥಾಣೆ ಅಣ್ಣಾ, ಹೊದಿಕೆ ಲೆಕ್ಕ ಸರಿ. ಆದರೆ ಅಕ್ರಿಲಿಕ್ ಹೊದಿಕೆಯನ್ನು ಡೊಂಬಿವಲಿಯಲ್ಲಿ ಹೊದೆಯುವವರು ಯಾರು?

ಎರಡು ಉಲ್ಟಾ, ಥಾಣೆ

ರಾತ್ರಿ ಬಸ್ಸಿನ ಎಸಿಯಲ್ಲಿ ಹೊದೆಯುವವರು ಇದ್ದಾರೆ. ಊರಿಗೆ ಹೋಗುವ ಸ್ಲೀಪರ್ ಬಸ್ಸಿನಲ್ಲಿ ಅವರು ಕೊಡುವ ಹೊದಿಕೆಯ ಮೇಲೆ ನನಗೆ ನಂಬಿಕೆ ಇಲ್ಲ. ಅರ್ಧ ಸೈಜಿನದು ಮಾಡಿ ಬ್ಯಾಗಿನಲ್ಲಿಡಿ, ಆಮೇಲೆ ನನಗೆ ಹೇಳಿ.

ಕೋಥ್ರೂಡ್ ಕಾಕು, ಪುಣೆ

ನಾನು ನರ್ಸ್ ಆಗಿದ್ದೆ, ಈಗ ನಿವೃತ್ತಿ. ಮಗುವಿನ ಕುಂಚಿಗೆ ಅಂದ ಕೂಡಲೇ ಎರಡು ಮಾತು ಹೇಳಬೇಕು ಅನ್ನಿಸಿತು.

ಉಲ್ಲನ್ ಡಬ್ಬಿಯಲ್ಲಿ ಡಾಂಬರ್ ಗುಳಿಗೆ ಹಾಕುತ್ತೀರಾ? ಹಾಕಿದ್ದರೆ ಆ ದಾರದಿಂದ ಮಗುವಿಗೆ ಏನೂ ಮಾಡಬೇಡಿ. ಆ ಗುಳಿಗೆಯ ನ್ಯಾಫ್ತಲೀನ್ ಬಟ್ಟೆಯಲ್ಲಿ ಇಳಿದಿರುತ್ತದೆ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಅದು ತಾಕಿದರೆ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಜೋರಾಗುತ್ತದೆ. ಕೊರತೆ ಇದೆಯೋ ಇಲ್ಲವೋ ಹುಟ್ಟಿದ ಮಗುವನ್ನು ನೋಡಿ ಹೇಳಲಾಗುವುದಿಲ್ಲ. ಹಳೆಯ ಟ್ರಂಕಿನಿಂದ ತೆಗೆದ ಅಜ್ಜಿಯ ಕಾಲದ ಸ್ವೆಟರನ್ನು ಬಾಣಂತಿ ಮನೆಯಲ್ಲಿ ಹಾಗೇ ತೊಡಿಸುತ್ತಾರಲ್ಲ, ಅದಕ್ಕೂ ಇದೇ ಮಾತು.

ಇನ್ನೊಂದು, ಕಾಲುಚೀಲದ ಒಳಗೆ ಉದ್ದ ಎಳೆ ಬಿಡಬೇಡಿ. ಎರಡು ಬಣ್ಣ ಸೇರಿಸಿ ಹೆಣೆದಾಗ ಹಿಂದುಗಡೆ ಎಳೆಗಳು ಜೋತಾಡುತ್ತವೆ. ಮಗುವಿನ ಬೆರಳು ಅದಕ್ಕೆ ಸಿಕ್ಕಿ ಸುತ್ತಿಕೊಂಡರೆ ರಕ್ತ ಓಡುವುದು ನಿಲ್ಲುತ್ತದೆ. ಮಗು ಯಾಕೆ ಅಳುತ್ತಿದೆ ಅಂತ ಯಾರಿಗೂ ತಿಳಿಯುವುದಿಲ್ಲ. ತುಂಡು ದಾರದಲ್ಲಿ ಮಗುವಿಗೆ ಮಾಡುವುದಾದರೆ ಅಡ್ಡ ಪಟ್ಟೆ ಸಾಕು, ಚಿತ್ರ ಗಿತ್ರ ಬೇಡ. ಟೋಪಿಗೆ ಗುಂಡಿ, ಮಣಿ, ಪಾಂಪಾಮ್ (ದಾರದ ಚೆಂಡು) ಕೂಡ ಬೇಡ.

ನಿಮ್ಮ 40 ಗ್ರಾಂ ಹತ್ತಿಗೆ ಒಂದು ಎಳೆಗೂಸಿನ ಟೋಪಿ ಆರಾಮಾಗಿ ಆಗುತ್ತದೆ. 25-30 ಗ್ರಾಂ ಸಾಕು.

ಖಾಲಿಗೂಡು, ಮಡಗಾಂವ್

ನಾನು ಯಲ್ಲಾಪುರದ ಕಡೆಯವಳು, ಮದುವೆಯಾಗಿ ಗೋವಾ ಸೇರಿದ್ದು. ಇಲ್ಲಿ ಉಪ್ಪುಗಾಳಿಗೆ ಸ್ಟೀಲ್ ಕಡ್ಡಿ ತುಕ್ಕು ಹಿಡಿಯುತ್ತದೆ, ಬಿಳಿ ಹತ್ತಿಯ ಮೇಲೆ ಕಂದು ಕಲೆ ಬೀಳುತ್ತದೆ. ಬೂದು ಬಣ್ಣದ ಅಲ್ಯೂಮಿನಿಯಂ ಕಡ್ಡಿ ಇಲ್ಲವೇ ಬಿದಿರಿನವು ಒಳ್ಳೆಯದು. ಪೋನಿ ಕಂಪನಿಯ ಕಡ್ಡಿ ನಮ್ಮ ಪಕ್ಕದ ನೀಲಗಿರಿಯಲ್ಲೇ ತಯಾರಾಗುವುದು, ಎಲ್ಲಾ ಊರಲ್ಲೂ ಸಿಗುತ್ತದೆ.

ಜಡೆಕಡ್ಡಿಯವರು "ಮನೆಗೆ ಏನು ಬೇಕು" ಅಂತ ಕೇಳಿದ್ದು ನನಗೆ ಹಿಡಿಸಿತು. ನಮ್ಮ ಮನೆಗೆ ಬೇಕಾದದ್ದು ಮಸಿಬಟ್ಟೆ. ಹಂಚು ಹಿಡಿಯುವುದಕ್ಕೆ, ಕುಕ್ಕರ್ ಇಳಿಸುವುದಕ್ಕೆ. ಇದನ್ನು ಹತ್ತಿಯಲ್ಲೇ ಹೆಣೆಯಬೇಕು, ಎರಡೆಳೆ ಸೇರಿಸಿ ಒತ್ತಾಗಿ. ಅಕ್ರಿಲಿಕ್‌ನದು ಮಾಡಿದರೆ ಕಾದ ತವೆಗೆ ತಾಗಿ ಕರಗಿ ಕೈಗೆ ಅಂಟುತ್ತದೆ. ಉಡುಗೊರೆಯಾಗಿ ಬಂದ ಅಂಥ ಮಸಿಬಟ್ಟೆ ನಮ್ಮ ಅಡುಗೆಮನೆಯಲ್ಲಿ ಈಗ ಫ್ರಿಜ್ ಮೇಲೆ ಹೂಕುಂಡದ ಕೆಳಗಿದೆ.

ಮೂಲೆಯಿಂದ ಮೂಲೆಗೆ ಹೆಣೆಯುವ ಚೌಕ ಇದಕ್ಕೆ ಸರಿ. 4 ಸ್ಟಿಚ್ ಹಾಕಿ. ಪ್ರತಿ ಸಾಲಿಗೂ ಎರಡು ಸೀದಾ, ಒಮ್ಮೆ ದಾರ ಮುಂದಕ್ಕೆ ತಂದು ಸುತ್ತು ಕೊಡಿ, ಉಳಿದದ್ದೆಲ್ಲ ಸೀದಾ. ಸಾಲಿಗೊಂದು ಬೆಳೆಯುತ್ತದೆ. ಇದರಲ್ಲಿ ಎಷ್ಟು ದಾರ ಬೇಕು ಅಂತ ಮೊದಲೇ ತಿಳಿಯಬೇಕಾಗಿಲ್ಲ. ಉಂಡೆಯನ್ನು ಆಗಾಗ ತೂಗುತ್ತಿರಿ. ಅರ್ಧ ತೂಕಕ್ಕೆ ಬಂದಾಗ ಇಳಿಸಲು ಶುರು ಮಾಡಿ: ಒಂದು ಸೀದಾ, ಎರಡು ಕೂಡಿಸಿ ಒಂದು, ಸುತ್ತು, ಮತ್ತೆ ಎರಡು ಕೂಡಿಸಿ ಒಂದು, ಉಳಿದದ್ದು ಸೀದಾ. ಉಂಡೆ ಮುಗಿಯುವುದಕ್ಕೂ ಚೌಕ ಮುಗಿಯುವುದಕ್ಕೂ ಸರಿಹೋಗುತ್ತದೆ. ಅಂಚಿನುದ್ದಕ್ಕೂ ಸಣ್ಣ ತೂತಿನ ಸಾಲು ಬೀಳುತ್ತದೆ, ಅಲ್ಲೇ ಮೊಳೆಗೆ ತೂಗುಹಾಕಬಹುದು.

ಥಾಣೆಯವರ ಹೊದಿಕೆ ಓದಿ ನಮ್ಮೂರ ಕಡೆಯ ಸಿದ್ದಿ ಹೆಂಗಸರ ಕೌದಿ ನೆನಪಾಯಿತು. ಪೋರ್ಚುಗೀಸರು ಗೋವಾಕ್ಕೆ ಗುಲಾಮರನ್ನಾಗಿ ತಂದ ಆಫ್ರಿಕಾದವರಲ್ಲಿ ಹಲವರು ಘಟ್ಟದ ಕಾಡಿಗೆ ಬಂದರು. ಅವರ ಮಕ್ಕಳು ಮೊಮ್ಮಕ್ಕಳು ಈಗ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಇದ್ದಾರೆ. ಅವರು ಹಳೆ ಸೀರೆ ಲಂಗಗಳ ತುಂಡು ಇಟ್ಟು ಅಂಚಿನಿಂದ ಒಳಕ್ಕೆ ಸುತ್ತಿ ಸುತ್ತಿ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಹೂವು ಇಡುತ್ತಾರೆ, ಅದಕ್ಕೆ ಫುಲ ಅನ್ನುತ್ತಾರೆ. ಫುಲ ಇಲ್ಲದಿದ್ದರೆ ಕೌದಿ ಬತ್ತಲೆ ಅಂತ ಅವರ ಮಾತು. ಅವರು ಬಣ್ಣ ಹೊಂದಿಸುವುದೇ ಇಲ್ಲ, ಸಿಕ್ಕಿದ್ದನ್ನು ಸಿಕ್ಕಲ್ಲಿ ಇಡುತ್ತಾರೆ ಅಂತ ಹೊರಗಿನವರಿಗೆ ಅನ್ನಿಸುತ್ತದೆ. ಪಕ್ಕದಲ್ಲಿ ಕೂತು ನೋಡಿದರೆ ಒಂದು ಕೆಂಪು ತುಂಡನ್ನು ನಾಲ್ಕು ಕಡೆ ಇಟ್ಟು ತೆಗೆದು ಇಟ್ಟು ತೆಗೆದು ಮಾಡುವುದು ಕಾಣುತ್ತದೆ.

ಹೊಸ ಕಡ್ಡಿ, ವಾಶಿ

ಅಕ್ಕಂದಿರೇ, ನಾನು ಹೊಸಬಳು. ವಿಡಿಯೋದಲ್ಲಿ 8ನೇ ನಂಬರ್ ಕಡ್ಡಿ ಅಂದರು. ನಾನು 8ನೇ ನಂಬರ್ ತಂದೆ. ಅವರ ಚೌಕ ಅಗಲವಾಗಿ ಬಂತು, ನನ್ನದು ಅಷ್ಟೇ ಸ್ಟಿಚ್‌ಗೆ ರುಮಾಲಿನಷ್ಟು ಕೂಡ ಆಗಲಿಲ್ಲ. ಕೈ ಬಿಗಿ ಇದೆಯಾ ನನ್ನದು?

ಮಾಟುಂಗಾ ಮಾಮಿ

ಕೈ ಅಲ್ಲ ಮಗಾ, ನಂಬರು. ನಮ್ಮಲ್ಲಿ ಅಂಗಡಿಯವರು ಹೇಳುವುದು ಹಳೆಯ ಬ್ರಿಟಿಷ್ ನಂಬರ್. ಅದರಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ತೆಳು. 8 ಅಂದರೆ 4 ಮಿಲಿಮೀಟರ್, 10 ಅಂದರೆ 3.25, 12 ಅಂದರೆ 2.75. ಅಮೆರಿಕದ್ದು ತಿರುಗಾ ಮುರುಗಾ, ನಂಬರ್ ಹೆಚ್ಚಿದಷ್ಟೂ ದಪ್ಪ. ಅವರ 8 ಅಂದರೆ 5 ಮಿಲಿಮೀಟರ್. ನಂಬರ್ ಕೇಳಬೇಡ, ಮಿಲಿಮೀಟರ್ ಕೇಳು. ಕಡ್ಡಿಯ ತಲೆಯ ಮೇಲೋ ಪ್ಯಾಕೆಟ್ಟಿನ ಮೇಲೋ ಬರೆದಿರುತ್ತದೆ.

ಪೇಟೆ ಬೀದಿ, ಪುಣೆ

ಹಳೆ ಸ್ವೆಟರ್ ಬಿಚ್ಚಿದ ದಾರದ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಅರ್ಧ ಕೆಲಸ ಅದರಲ್ಲೇ ನಡೆಯುತ್ತದೆ.

ಬಿಚ್ಚುವ ಮೊದಲು ಒಳಗಿನ ಹೊಲಿಗೆ ನೋಡಿ. ಪಕ್ಕದ ಅಂಚು ತಾನಾಗಿ ಮುಗಿದು, ಎರಡು ಅಂಚನ್ನು ಜಡೆಯಂಥ ಹೊಲಿಗೆಯಲ್ಲಿ ಕೂಡಿಸಿದ್ದರೆ ಉದ್ದ ದಾರ ಸಿಗುತ್ತದೆ. ಒಳಗೆ ಮಷೀನಿನ ಓವರ್‌ಲಾಕ್ ಹೊಲಿಗೆ ಇದ್ದರೆ ಬಿಡಿ. ಅದು ಥಾನಿನಿಂದ ಕತ್ತರಿಸಿ ಹೊಲಿದದ್ದು, ಬಿಚ್ಚಿದರೆ ಪ್ರತಿ ಸಾಲೂ ಬೇರೆ ಬೇರೆ ತುಂಡಾಗಿ ಕೈಗೆ ಬರುತ್ತದೆ. ಚಳಿಗಾಲದಲ್ಲಿ ಟಿಬೆಟಿನವರು ರಸ್ತೆ ಬದಿ ಹಾಕುವ ಸ್ವೆಟರುಗಳಲ್ಲಿ ಎರಡೂ ಬಗೆ ಇರುತ್ತವೆ. ತಿರುಗಿಸಿ ನೋಡಿಯೇ ತಗೊಳ್ಳುತ್ತೇನೆ, ಮುಂದೆ ಬಿಚ್ಚುವುದು ಇದ್ದೇ ಇದೆಯಲ್ಲ.

ಬಿಚ್ಚಿದ ದಾರ ಸುರುಳಿ ಸುರುಳಿ ಇರುತ್ತದೆ. ಹಾಗೇ ಹೆಣೆದರೆ ಸ್ಟಿಚ್ ಒಂದೊಂದು ಒಂದೊಂದು ಅಳತೆಗೆ ಬರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ. ನಾಲ್ಕು ಕಡೆ ಬೇರೆ ದಾರದಿಂದ ಸಡಿಲವಾಗಿ ಕಟ್ಟಿ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಹಿಂಡದೆ ಟವೆಲಿನಲ್ಲಿ ಒತ್ತಿ, ನೆರಳಲ್ಲಿ ತೂಗುಹಾಕಿ. ಉಣ್ಣೆಯಾದರೆ ಪೂರಾ ನೆಟ್ಟಗಾಗುತ್ತದೆ. ಅಕ್ರಿಲಿಕ್ ಸ್ವಲ್ಪ ಹಟ ಮಾಡುತ್ತದೆ. ಅದಕ್ಕೆ ಇಸ್ತ್ರಿ ಮುಟ್ಟಿಸಬೇಡಿ. ಬಿಸಿ ಹಬೆ ತಾಕಿದರೂ ಒಮ್ಮೆ ಸತ್ತುಹೋದ ಅಕ್ರಿಲಿಕ್ ಮತ್ತೆ ಪುಟಿಯುವುದಿಲ್ಲ, ಬಸವಳಿದು ಜೋಲುತ್ತದೆ. ಶಾಲಿಗೆ ಆ ಜೋಲು ಚೆನ್ನ, ರಿಬ್ಬಿಗೆ ಅಲ್ಲ.

ತೀರಾ ಬಿಚ್ಚಲಾಗದ ಉಣ್ಣೆ ಬಟ್ಟೆಗೂ ಗತಿ ಇದೆ. ಹರಿಯಾಣಾದ ಪಾಣಿಪತ್‌ನಲ್ಲಿ ಹಳೆ ಉಣ್ಣೆಬಟ್ಟೆ ಚಿಂದಿ ಮಾಡಿ ಮತ್ತೆ ನೂಲು ತೆಗೆದು ಕಂಬಳಿ ಮಾಡುವ ದೊಡ್ಡ ಉದ್ಯೋಗವೇ ಇದೆ. ವಿದೇಶದ ಹಳೆ ಕೋಟುಗಳೂ ಅಲ್ಲಿಗೇ ಬರುತ್ತವೆ.

ಗಂಟು ಬೇಡ, ಕಲ್ಯಾಣ್

ತುಂಡು ಉಲ್ಲನ್‌ನಲ್ಲಿ ನನ್ನ ಜೀವ ತೆಗೆಯುವುದು ಬಾಲಗಳು, ಅಂದರೆ ಜೋತುಬಿದ್ದ ದಾರದ ತುದಿಗಳು. ಹೆಣೆಯುವುದು ಬೇಗ ಆಗುತ್ತದೆ, ಆಮೇಲೆ ಬಾಲ ಸಿಕ್ಕಿಸುತ್ತಾ ಕೂರುವುದು ಯಾರು? ಗಂಟು ಹಾಕಿದರೆ ಬೆನ್ನಿಗೆ ಒತ್ತುತ್ತದೆ.

ಪೇಟೆ ಬೀದಿ, ಪುಣೆ

ಶುದ್ಧ ಉಣ್ಣೆಯಾದರೆ ಎರಡೂ ತುದಿ ಬಿಡಿಸಿ, ಒಂದರ ಮೇಲೊಂದು ಇಟ್ಟು, ಒದ್ದೆ ಅಂಗೈಯಲ್ಲಿ ಜೋರಾಗಿ ಉಜ್ಜಿ. ಕಂಬಳಿಯಾಗಿ ಕೂಡಿಕೊಳ್ಳುತ್ತದೆ. ಮಷೀನ್‌ನಲ್ಲಿ ಒಗೆಯಬಹುದು ಅಂತ ಬರೆದ ಉಣ್ಣೆಗೆ ಇದು ನಡೆಯುವುದಿಲ್ಲ. ಅಕ್ರಿಲಿಕ್, ಹತ್ತಿಗೆ ಮೊದಲೇ ಇಲ್ಲ. ಅವಕ್ಕೆ ದಪ್ಪ ಸೂಜಿಯಲ್ಲಿ ಒಂದರ ತುದಿಯನ್ನು ಕುಣಿಕೆ ಮಾಡಿ ಅದರ ಹೊಟ್ಟೆಯೊಳಗೇ ಹಾಯಿಸಬೇಕು. ಇನ್ನೊಂದು ತುದಿಯನ್ನು ಆ ಕುಣಿಕೆಯಲ್ಲಿ ಸಿಕ್ಕಿಸಿ ಅದನ್ನೂ ಹಾಗೇ ಮಾಡಿ ಎಳೆಯಬೇಕು. ಸ್ವಲ್ಪ ದಪ್ಪವಾಗುತ್ತದೆ, ಬಿಚ್ಚುವುದಿಲ್ಲ.

ಜಡೆಕಡ್ಡಿ, ಡೊಂಬಿವಲಿ

ಇದಕ್ಕೆ ಸೇರಿಸಬೇಕಾದದ್ದು: ಸಾಲಿನ ನಡುವೆ ದಾರ ಮುಗಿಯಬಾರದು ಅಂದರೆ ಅಗಲದ ಮೂರು ಪಟ್ಟಿಗಿಂತ ಕೊಂಚ ಜಾಸ್ತಿ ದಾರ ಇದೆಯೇ ಅಂತ ಎಳೆದು ನೋಡಿ. ಮುಚ್ಚುವ ಸಾಲಿಗೆ ನಾಲ್ಕು ಪಟ್ಟು ಇಟ್ಟುಕೊಳ್ಳಿ. ಹಾಗೆ ಒಂದೇ ಅಂಚಿನಲ್ಲಿ ಬಣ್ಣ ಬದಲಿಸುತ್ತಾ ಹೋದರೆ ಬಾಲಗಳೆಲ್ಲ ಒಂದೇ ಬದಿಗೆ ಬರುತ್ತವೆ. ಶಾಲಾದರೆ ಅವನ್ನೇ ಕುಚ್ಚು ಮಾಡಿಬಿಡಬಹುದು. ಮಗಳ ಶಾಲಿಗೆ ಹಾಗೇ ಮಾಡಿದ್ದು, ಒಂದು ಬಾಲವನ್ನೂ ಸಿಕ್ಕಿಸಲಿಲ್ಲ. ಅವಳ ಆಫೀಸಿನವರು ಡಿಸೈನ್ ಅಂದುಕೊಂಡಿದ್ದಾರೆ.

ದೀಪದ ಬತ್ತಿ, ಗೋರೆಗಾಂವ್

ಇಷ್ಟು ಗಂಭೀರ ಯಾಕೆ? ಹಳದಿ, ಕೇಸರಿ ಅಕ್ರಿಲಿಕ್ ಇದ್ದವರು ಪಾಂಪಾಮ್ ಮಾಡಿ ತೋರಣ ಕಟ್ಟಿ. ಗಣಪತಿ ಹಬ್ಬಕ್ಕೆ ದಾದರ್‌ನಲ್ಲಿ ಚೆಂಡುಹೂವಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನಾಲ್ಕು ಬೆರಳಿಗೆ ಒತ್ತಾಗಿ ದಾರ ಸುತ್ತಿ, ನಡುವೆ ಗಟ್ಟಿಯಾಗಿ ಕಟ್ಟಿ, ಎರಡೂ ಬದಿ ಕತ್ತರಿಸಿ ದುಂಡಗೆ ಕತ್ತರಿ ಆಡಿಸಿದರೆ ಚೆಂಡುಹೂವು. ಹೆಣೆಯಲು ಬಾರದ ಮಕ್ಕಳೂ ಮಾಡುತ್ತಾರೆ. ನಮ್ಮ ಬಾಗಿಲಿನದು ಪ್ರತಿ ವರ್ಷ ಹೊರಗೆ ಬರುತ್ತದೆ, ಬಣ್ಣ ಹೋಗಿಲ್ಲ. ಅಕ್ರಿಲಿಕ್‌ನ ಒಂದೇ ಒಳ್ಳೆ ಗುಣ ಇದು, ಬಾಡುವುದಿಲ್ಲ ಕೊಳೆಯುವುದಿಲ್ಲ.

ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಕೂಡ ಮಾಡುತ್ತೇನೆ. ಸೋಪು ಕಡಿಮೆ ಸಾಕು.

ಖಾಲಿಗೂಡು, ಮಡಗಾಂವ್

ತೋರಣ ಸರಿ. ಸ್ಕ್ರಬ್ಬರ್‌ಗೆ ನಾನು ಒಪ್ಪುವುದಿಲ್ಲ. ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್ಕೇ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಲೆಕ್ಕ ಹಾಕಿದ್ದರು: 6 ಕಿಲೋ ಅಕ್ರಿಲಿಕ್ ಬಟ್ಟೆ ಒಮ್ಮೆ ಮಷೀನ್‌ಗೆ ಹಾಕಿದರೆ 7 ಲಕ್ಷಕ್ಕೂ ಹೆಚ್ಚು ಎಳೆಗಳು ನೀರಿಗೆ ಬಿಡುತ್ತವೆ ಅಂತ. ಅವರು ನೋಡಿದ ಬಟ್ಟೆಗಳಲ್ಲಿ ಅಕ್ರಿಲಿಕ್‌ನದೇ ಎಲ್ಲಕ್ಕಿಂತ ಜಾಸ್ತಿ. ಒಗೆದದ್ದಕ್ಕೇ ಅಷ್ಟು ಅಂದರೆ ದಿನಾ ಪಾತ್ರೆಗೆ ತಿಕ್ಕಿದರೆ? ನಮ್ಮ ಸಿಂಕಿನ ನೀರು ಹೋಗುವುದು ಸಾಳ್ ನದಿಗೋ ಸಮುದ್ರಕ್ಕೋ. ಬಂಗಡೆ ಇಸ್ವಣ ಮೀನು ತಿನ್ನುವವರು ನಾವೇ. ತೊಳೆಯದೆ ಇಡುವ ವಸ್ತುವಿಗೆ ಅಕ್ರಿಲಿಕ್, ದಿನಾ ನೀರು ಮುಟ್ಟುವುದಕ್ಕೆ ಹತ್ತಿ.

ದೀಪದ ಬತ್ತಿ, ಗೋರೆಗಾಂವ್

ಅಂಗಡಿಯಿಂದ ತರುವ ಹಸಿರು ಸ್ಕ್ರಬ್ಬರ್ ಕೂಡ ಪ್ಲಾಸ್ಟಿಕ್ಕೇ ಅಲ್ವಾ? ಅದು ಸವೆದು ಹೋದದ್ದೂ ನೀರಿಗೇ. ಉಳಿದ ಅಕ್ರಿಲಿಕ್ ಕಸಕ್ಕೆ ಹಾಕಿದರೆ ದೇವನಾರ್ ಕಸದ ಗುಡ್ಡ ಇನ್ನೂ ಎತ್ತರ ಆಗುತ್ತದೆ, ಅಷ್ಟೇ.

ಖಾಲಿಗೂಡು, ಮಡಗಾಂವ್

ಅದಕ್ಕೇ ನಮ್ಮಲ್ಲಿ ತೆಂಗಿನ ನಾರು ಇದೆ ಮಾರಾಯ್ತಿ.

ಎರಡು ಉಲ್ಟಾ, ಥಾಣೆ

ಸ್ಕ್ರಬ್ಬರ್ ಜಗಳದಲ್ಲಿ ನಾನು ಮಡಗಾಂವ್ ಕಡೆ. ಅಕ್ರಿಲಿಕ್ ತುಂಡುಗಳನ್ನು ಸಣ್ಣಗೆ ಕತ್ತರಿಸಿ ದಿಂಬಿಗೆ ತುಂಬಿ. ಬಾಲಗಳು, ಗಂಟುಬಿದ್ದವು, ಏನೂ ಉಳಿಯುವುದಿಲ್ಲ.

ಕಿರುಬೆರಳು, ಚೆಂಬೂರ್

ಆಸ್ಪತ್ರೆಗೆ ಕೊಡುವ ವಿಚಾರ ಯಾರೂ ಎತ್ತಲಿಲ್ಲ. ಪರೇಲ್‌ನ ಟಾಟಾ ಆಸ್ಪತ್ರೆಗೆ ದೇಶದ ಎಲ್ಲಾ ಕಡೆಯಿಂದ ಕ್ಯಾನ್ಸರ್ ರೋಗಿಗಳು ಬರುತ್ತಾರೆ. ಕೀಮೋ ಆದವರಿಗೆ ಟೋಪಿ ಬೇಕಾಗುತ್ತದೆ. ತುಂಡು ಉಲ್ಲನ್‌ನಲ್ಲಿ ಮಾಡಿ ಕೊಡಬಹುದಲ್ಲ?

ಕೋಥ್ರೂಡ್ ಕಾಕು, ಪುಣೆ

ಕೊಡಬಹುದು, ಆದರೆ ಕೇಳಿ ಕೊಡಬೇಕು. ಕೀಮೋ ಆದ ತಲೆಯ ಚರ್ಮ ಬಹಳ ನಾಜೂಕು. ಒರಟು ಅಕ್ರಿಲಿಕ್ ಚುಚ್ಚುತ್ತದೆ, ಮುಂಬಯಿ ಸೆಖೆಗೆ ಬೆವರಿ ತುರಿಸುತ್ತದೆ. ಮೃದು ಹತ್ತಿಯದೇ ಆಗಬೇಕು, ತಲೆಗೆ ತಾಗುವ ಕಡೆ ಹೊಲಿಗೆಯ ದಪ್ಪ ಅಂಚು ಇರಬಾರದು. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆದವರಿಗೆ ಹತ್ತಿ ನೂಲಿನ ಹೆಣೆದ ಸ್ತನ ಮಾಡಿ ಪುಕ್ಕಟೆ ಕೊಡುವ ನಿಟೆಡ್ ನಾಕರ್ಸ್ ಬಳಗವೂ ಇದೆ. ಅಮೆರಿಕದಲ್ಲಿ ಶುರುವಾದದ್ದು, ಈಗ ನಮ್ಮಲ್ಲೂ ಹೆಣೆಯುವವರಿದ್ದಾರೆ. ಅದಕ್ಕೆ ಯಾವ ನೂಲು ಅಂತ ಅವರೇ ಹೇಳುತ್ತಾರೆ, ಡಬ್ಬಿಯ ತಳದಲ್ಲಿ ಸಿಕ್ಕಿದ್ದೆಲ್ಲ ನಡೆಯುವುದಿಲ್ಲ.

ಖಾರವಾಗಿ ಹೇಳುತ್ತಿದ್ದೇನೆ, ಬೇಸರ ಬೇಡ. ವಾರ್ಡಿನಲ್ಲಿ ಇದ್ದಾಗ ಚೀಲಗಟ್ಟಲೆ ಸ್ವೆಟರ್ ಬರುತ್ತಿದ್ದವು. ಅರ್ಧದಷ್ಟು ದೊಡ್ಡ ಮಕ್ಕಳ ಸೈಜು, ಮುಳ್ಳು ಮುಳ್ಳು. ನಮಗೆ ಬೇಕಾಗಿದ್ದದ್ದು ಎಳೆಗೂಸಿನ ಟೋಪಿ. ಕೊಟ್ಟವರ ಮನೆ ಖಾಲಿಯಾಯಿತು, ನಮ್ಮ ಕಪಾಟು ತುಂಬಿತು.

ಜಡೆಕಡ್ಡಿ, ಡೊಂಬಿವಲಿ

ಕಾಕು, ಒಂದು ಬಿಂದುವೂ ಬೇಸರ ಇಲ್ಲ. ಹತ್ತಿ ಪೂರ್ತಿ ಎಳೆಗೂಸಿನ ಟೋಪಿಗೆ ಇಡುತ್ತೇನೆ, ಅಳತೆ ಕಳಿಸಿ.

ಮಳೆಗಾಲದಲ್ಲಿ ಉಳಿದದ್ದನ್ನು ಹೇಗೆ ಇಡುತ್ತೀರಿ ಅಂತಲೂ ಹೇಳಿ. ಡಾಂಬರ್ ಗುಳಿಗೆ ಬಿಟ್ಟರೆ ಇನ್ನೇನು?

ಮಾಟುಂಗಾ ಮಾಮಿ

ನುಸಿ ತಿನ್ನುವುದು ಉಣ್ಣೆಯನ್ನು. ಅಕ್ರಿಲಿಕ್ ಅದಕ್ಕೆ ರುಚಿಸುವುದಿಲ್ಲ, ಆದ್ದರಿಂದ ಕಾಯಬೇಕಾದ್ದು ಉಣ್ಣೆಯೊಂದನ್ನೇ. ರಂಧ್ರ ಮಾಡುವುದು ಹಾರುವ ಹುಳ ಅಲ್ಲ, ಅದರ ಮರಿ. ಬೆವರು, ಎಣ್ಣೆ ತಾಗಿದ ಕಡೆ ಮೊದಲು ತಿನ್ನುತ್ತದೆ, ಅದಕ್ಕೆ ಒಗೆದೇ ಇಡಬೇಕು. ಮಳೆ ಶುರುವಾಗುವ ಮೊದಲು ಒಂದು ದಿನ ಬಿಸಿಲಿಗೆ ಹರಡು, ಜಿಪ್ ಚೀಲದಲ್ಲಿ ಗಾಳಿ ಹೊರಹಾಕಿ ಮುಚ್ಚು. ಹತ್ತಿಯನ್ನು ಪೂರ್ತಿ ಒಣಗದೆ ಮುಚ್ಚಿದರೆ ಬೂಷ್ಟು ಬರುತ್ತದೆ. ಹುಳ ಕಂಡರೆ ಚೀಲದ ಸಮೇತ ಫ್ರೀಜರಿನಲ್ಲಿ ಕೆಲವು ದಿನ ಇಡು. ಬೇವಿನ ಎಲೆ ನಾನೂ ಇಡುತ್ತೇನೆ, ಅದು ಅಮ್ಮನ ಸಮಾಧಾನಕ್ಕೆ ಇಡುವುದು.

ಹೊಸ ಕಡ್ಡಿ, ವಾಶಿ

ಮಿಲಿಮೀಟರ್ ನೋಡಿ 5ರ ಕಡ್ಡಿ ತಂದೆ. ಚೌಕ ಸರಿ ಬಂತು! ದಾರ ಮುಗಿಯಿತು. ಜಡೆಕಡ್ಡಿ ಅಕ್ಕಾ, ನಿಮ್ಮ ಹತ್ತಿರ ನೀಲಿ 30 ಗ್ರಾಂ ಇದೆ ಅಂದಿರಲ್ಲ. ನನ್ನದೂ ಅದೇ ನೀಲಿ ಇರಬೇಕು, ವರ್ಧಮಾನ್ ಕಂಪನಿಯದು. ನನ್ನ ಹತ್ತಿರ ಹಸಿರು ಹತ್ತಿ 35 ಗ್ರಾಂ ಇದೆ, ಬದಲಿಗೆ ಕೊಡಲಾ?

ಜಡೆಕಡ್ಡಿ, ಡೊಂಬಿವಲಿ

ಧಾರಾಳವಾಗಿ. ನನ್ನದೂ ವರ್ಧಮಾನ್. ಲೇಬಲ್ ಇದ್ದರೆ ಶೇಡ್ ನಂಬರ್ ಜೊತೆಗೆ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ್ದರ ಗುರುತು) ನೋಡಿ ಹೇಳು. ಶೇಡ್ ಒಂದೇ ಇದ್ದು ಲಾಟ್ ಬೇರೆ ಆದರೆ, ರಾತ್ರಿ ಟ್ಯೂಬ್‌ಲೈಟಿನಲ್ಲಿ ಒಂದೇ ಕಾಣುತ್ತದೆ, ಹಗಲಲ್ಲಿ ಪಟ್ಟೆ ಹೊಡೆಯುತ್ತದೆ. ಬೇರೆಯಾದರೂ ಪರವಾಗಿಲ್ಲ, ಎರಡು ಸಾಲು ನಿನ್ನದು, ಎರಡು ಸಾಲು ನನ್ನದು ಅಂತ ಬದಲಿಸುತ್ತಾ ಹೆಣೆದರೆ ಗೊತ್ತಾಗುವುದಿಲ್ಲ. ಹಸಿರು ಹತ್ತಿ ಬಣ್ಣ ಬಿಡುತ್ತದಾ ಅಂತ ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ ತಾ. ಮಸಿಬಟ್ಟೆಗೆ ಆಗುತ್ತದೆ. ಶನಿವಾರ ಮಧ್ಯಾಹ್ನ ನಾನು ಥಾಣೆ ಕಡೆ ಬರುತ್ತೇನೆ, ನಿನಗೆ ವಾಶಿಯಿಂದ ಟ್ರಾನ್ಸ್‌ಹಾರ್ಬರ್ ಲೈನ್ ನೇರ ಇದೆ.

ಎರಡು ಉಲ್ಟಾ, ಥಾಣೆ

ಥಾಣೆ ಅಂದ ಮೇಲೆ ನಾನೂ ಬರುತ್ತೇನೆ. ಕಂದು ಅಕ್ರಿಲಿಕ್ ಉಂಡೆ ಯಾರಿಗೂ ಬೇಡವಾದರೆ ನನಗಿರಲಿ, ಅಂಚಿನ ಸಾಲು ಬಾಕಿ ಇದೆ.